ಹಳೆಯ ಎಂಜಿನ್ನಿಗೆ ಸೀಸೆಯ ಔಷಧ

(ನನ್ನಿವಾಳದಲ್ಲಿ ಸೇರಿದ್ದ ರೈತರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾನು ಬೀಜ, ಗೊಬ್ಬರಗಳ ವಿಷಯ ಮಾತನಾಡಲು ಬಂದವನಲ್ಲ. ಅದನ್ನು ಹೇಳುವವರು ಬೇರೆ ಇದ್ದಾರೆ, ನನಗಿಂತ ಚೆನ್ನಾಗಿ ಬಲ್ಲವರು. ನಾನು ಮೋಟಾರು ದುರಸ್ತಿಯ ಕೆಲಸದಲ್ಲಿ ಕೈ ಕಪ್ಪು ಮಾಡಿಕೊಂಡವನು. ಇಲ್ಲಿಗೆ ಬರುವಾಗ ಊರ ಮುಂದೆ ನಿಂತಿದ್ದ ಗಾಡಿಗಳನ್ನು ನೋಡುತ್ತ ಬಂದೆ. ಎತ್ತಿನ ಗಾಡಿಗಿಂತ ಮೋಟಾರು ಗಾಡಿಗಳೇ ಹೆಚ್ಚು. ಆದರೆ ಅವುಗಳಲ್ಲಿ ಹೊಸವು ಬಹಳ ಕಡಿಮೆ. ಬೆಂಗಳೂರಿನವರು ಹತ್ತು ವರ್ಷ ಓಡಿಸಿ ಬಿಟ್ಟ ಕಾರು, ದಾವಣಗೆರೆಯಲ್ಲಿ ಮೂರು ಕೈ ದಾಟಿ ಬಂದ ಜೀಪು, ಸಾಲ ತೀರುವ ಹೊತ್ತಿಗೆ ತಾನೂ ಸವೆದುಹೋದ ಟ್ರಾಕ್ಟರು, ಇಂಥವೇ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಳೆ ಕಡಿಮೆಯಾದ ಸೀಮೆಯಲ್ಲಿ ಹೊಸ ಗಾಡಿಗೆ ಸಾಲ ಮಾಡುವುದಕ್ಕಿಂತ ಹಳೆಯದನ್ನು ಜೋಪಾನವಾಗಿ ಓಡಿಸುವುದೇ ಜಾಣತನ.

ಹಳೆಯ ಗಾಡಿಯವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. “ಅಂಗಡಿಯಲ್ಲಿ ಒಂದು ಸೀಸೆ ಕೊಡುತ್ತಾರೆ. ಆಯಿಲಿಗೆ ಹಾಕಿದರೆ ಎಂಜಿನ್ನು ಹೊಸದರ ಹಾಗೆ ಆಗುತ್ತದಂತೆ. ಡೀಸೆಲ್ಲಿಗೆ ಹಾಕುವುದು ಬೇರೆ ಇದೆ, ಅದರಿಂದ ಮೈಲೇಜು ಏರುತ್ತದಂತೆ. ಹಾಕಬಹುದೇ?” ಎಂದು. ಮುನ್ನೂರು, ನಾನೂರು, ಕೆಲವು ವೇಳೆ ಸಾವಿರ ರೂಪಾಯಿನ ಮಾತು. ಹೋದರೆ ಹೋಗಲಿ, ಒಂದು ಸಲ ನೋಡೋಣ ಎಂದು ತರುತ್ತೀರಿ. ಆದುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸವೆದ ಕಬ್ಬಿಣವನ್ನು ಯಾವ ಸೀಸೆಯೂ ಮರಳಿ ತುಂಬಲಾರದು. ಕೊಳೆಯನ್ನು ಕರಗಿಸುವ ಸೀಸೆಗಳು ಕೆಲವು ಇವೆ, ಅವುಗಳಿಂದ ಕೆಲವು ವೇಳೆ ಗುಣ ಉಂಟು, ಕೆಲವು ವೇಳೆ ಕೇಡೂ ಉಂಟು. ಹಾಗಾಗಿ ನಿಮ್ಮ ಎಂಜಿನ್ನಿಗೆ ಬಂದಿರುವುದು ಸವೆತವೋ ಕೊಳೆಯೋ ಎಂಬುದನ್ನು ತಿಳಿದುಕೊಳ್ಳದೆ ಸೀಸೆಗೆ ಕೈ ಹಾಕಬಾರದು.

ಎತ್ತಿನ ಗಾಡಿ ಹೊಡೆದ ಹಿರಿಯರು ಇಲ್ಲಿ ಅನೇಕರಿದ್ದೀರಿ. ಗಾಲಿಯ ತೂತು ಸವೆದು ಅಗಲವಾದರೆ ಗಾಡಿ ಓಲಾಡುತ್ತದೆ, ಕಿರ್ರೆನ್ನುತ್ತದೆ. ಆಗ ಕೀಲೆಣ್ಣೆಯನ್ನು ಗಟ್ಟಿಯಾಗಿ ಮೆತ್ತಿದರೆ ಶಬ್ದ ಅಡಗುತ್ತದೆ. ನಾಲ್ಕು ದಿನ ಗಾಡಿ ಸುಮ್ಮನೆ ನಡೆಯುತ್ತದೆ. ಆದರೆ ತೂತು ಕಿರಿದಾಯಿತೇ? ಅಚ್ಚು ದಪ್ಪವಾಯಿತೇ? ಇಲ್ಲ. ಆಯಿಲಿಗೆ ಹಾಕುವ ಸೀಸೆಗಳಲ್ಲಿ ಬಹುಪಾಲು ಮಾಡುವ ಕೆಲಸ ಇಷ್ಟೇ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಆ ಸಂದನ್ನು ರಿಂಗುಗಳು ಮುಚ್ಚಿಕೊಂಡಿರುತ್ತವೆ. ರಿಂಗು, ಲೈನರು ಸವೆದು ಸಂದು ಅಗಲವಾದಾಗ ಕೆಳಗಿನ ಆಯಿಲು ಮೇಲಕ್ಕೆ ಹತ್ತಿ ಸುಡುತ್ತದೆ, ಮೇಲಿನ ಬಿಸಿ ಗಾಳಿ ಕೆಳಕ್ಕೆ ನುಗ್ಗುತ್ತದೆ. ಸೀಸೆಯೊಳಗಿರುವ ಅಂಟು ಪದಾರ್ಥ ಆಯಿಲನ್ನು ದಪ್ಪ ಮಾಡುತ್ತದೆ. ದಪ್ಪ ಆಯಿಲು ಸಂದಿನಲ್ಲಿ ಬೇಗನೆ ಹತ್ತದು, ಹೊಗೆ ಕಡಿಮೆಯಾಗುತ್ತದೆ, ಬಡಿಯುವ ಶಬ್ದವೂ ತಗ್ಗುತ್ತದೆ. ಕೊಂಡವನಿಗೆ ಸಂತೋಷ. ಆದರೆ ಅದೇ ದಪ್ಪ ಆಯಿಲು ಮಾಗಿಯ ಚಳಿಯಲ್ಲಿ ಮುಂಜಾನೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಡವಾಗಿ ತಲಪುತ್ತದೆ. ಆ ಕೆಲವು ಕ್ಷಣ ಲೋಹಕ್ಕೆ ಲೋಹ ಉಜ್ಜುತ್ತದೆ. ಶಬ್ದ ಅಡಗಿತು, ಸವೆತ ಅಡಗಲಿಲ್ಲ.

ಇದನ್ನು ಚೆನ್ನಾಗಿ ಬಲ್ಲವರು ಹಳೆಯ ಗಾಡಿ ಮಾರುವ ಕೆಲವು ದಲ್ಲಾಳಿಗಳು. ಮಾರುವ ಹಿಂದಿನ ದಿನ ಇಂಥ ಸೀಸೆ ಸುರಿದು, ಕೊಳ್ಳುವವನು ಬರುವ ಮೊದಲೇ ಎಂಜಿನ್ನನ್ನು ಬಿಸಿ ಮಾಡಿ ಇಟ್ಟಿರುತ್ತಾರೆ. ಹೊಗೆಯಿಲ್ಲ, ಸದ್ದಿಲ್ಲ. ಗಾಡಿ ನಿಮ್ಮ ಮನೆಗೆ ಬಂದು ಆಯಿಲು ಬದಲಾಯಿಸಿದ ಮೇಲೆ ನಿಜ ಬಣ್ಣ ಗೊತ್ತಾಗುತ್ತದೆ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದೆ ಯಾರಾದರೂ ದುಡ್ಡು ಎಣಿಸುತ್ತೀರಾ? ಗಾಡಿ ಕೊಳ್ಳುವಾಗಲೂ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ ಹೋಗಿರಿ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ, “ನಾಳೆ ಬರುತ್ತೇವೆ, ಸ್ಟಾರ್ಟ್ ಮಾಡದೆ ಇಡಿ” ಎಂದು ಹೇಳಿ ಹಿಂತಿರುಗಿರಿ. ಆಯಿಲಿನ ಕಡ್ಡಿ ತೆಗೆದು ಬೆರಳಿಗೆ ಹಚ್ಚಿಕೊಳ್ಳಿ. ಜೇನಿನ ಹಾಗೆ ಎಳೆಎಳೆಯಾಗಿ ಬಂದರೆ ಏನೋ ಬೆರೆಸಿದ್ದಾರೆ ಎಂದು ಅನುಮಾನಿಸಬಹುದು.

ಇನ್ನು ಕೆಲವರು, “ಸೀಸೆಯಲ್ಲಿ ಎಂಜಿನ್ನನ್ನು ಕಾಪಾಡುವ ವಿಶೇಷ ರಾಸಾಯನಿಕ ಇದೆ, ಬರಿಯ ಆಯಿಲಿನಲ್ಲಿ ಅದು ಇಲ್ಲ” ಎನ್ನುತ್ತಾರೆ. ಇದು ಪೂರ್ತಿ ನಿಜವಲ್ಲ. ನೀವು ಕೊಳ್ಳುವ ಒಳ್ಳೆಯ ಆಯಿಲಿನ ಡಬ್ಬಿಯಲ್ಲೇ ಇಂಥ ರಾಸಾಯನಿಕಗಳು ಆಗಲೇ ಬೆರೆತಿರುತ್ತವೆ. ಸವೆತ ತಡೆಯುವುದು, ಕೊಳೆಯನ್ನು ಹಿಡಿದು ತೇಲಿಸುವುದು, ಆಮ್ಲವನ್ನು ಮುರಿಯುವುದು, ನೊರೆ ಏಳದಂತೆ ಮಾಡುವುದು, ಇವೆಲ್ಲಕ್ಕೂ ಅಳತೆ ಹಾಕಿ ಪದಾರ್ಥ ಸೇರಿಸಿರುತ್ತಾರೆ. ಡಬ್ಬಿಯ ಮೇಲೆ 15ಡಬ್ಲ್ಯು-40, 20ಡಬ್ಲ್ಯು-50 ಎಂದು ಬರೆದಿರುವುದು ಆಯಿಲು ಎಷ್ಟು ದಪ್ಪವೆಂಬುದರ ಗುರುತು. ಸಿಐ-4, ಎಸ್‌ಎನ್ ಎಂಬಂಥ ಅಕ್ಷರಗಳು ಗುಣದ ಗುರುತು, ಸಿ ಎಂದರೆ ಡೀಸೆಲ್ ಎಂಜಿನ್ನಿಗೆ, ಎಸ್ ಎಂದರೆ ಪೆಟ್ರೋಲ್ ಎಂಜಿನ್ನಿಗೆ. ಅಳತೆಯಾಗಿ ಮಾಡಿದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಹಾಕಿದರೆ ರುಚಿ ಹೆಚ್ಚುತ್ತದೆಯೇ? ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವ ಗುರುತಿನ ಆಯಿಲು, ಹೇಳಿರುವ ಅವಧಿಗೆ, ಫಿಲ್ಟರಿನೊಂದಿಗೆ. ನಾನೂರು ರೂಪಾಯಿಯನ್ನು ಸೀಸೆಗೆ ಕೊಡುವ ಬದಲು ಆಯಿಲನ್ನು ಒಂದು ತಿಂಗಳು ಮೊದಲೇ ಬದಲಾಯಿಸಿದರೆ ಎಂಜಿನ್ನಿಗೆ ಎಷ್ಟೋ ಹೆಚ್ಚು ಹಿತ.

ಅಮೇರಿಕಾದಲ್ಲಿ ಇಂಥದೇ ವಿಷಯ ಸರ್ಕಾರದ ಮುಂದೆ ಬಂದಿತ್ತು. ಸ್ಲಿಕ್ 50 ಎಂಬ, ಆಯಿಲಿಗೆ ಬೆರೆಸುವ ಪದಾರ್ಥವನ್ನು ಅಲ್ಲಿ ಭಾರಿ ಜಾಹೀರಾತು ಕೊಟ್ಟು ಮಾರುತ್ತಿದ್ದರು. ಎಂಜಿನ್ನಿನ ಸವೆತ ಇದರಿಂದ ತಗ್ಗುತ್ತದೆ ಎಂಬ ಮಾತಿಗೆ ತಕ್ಕ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. 1997ರಲ್ಲಿ ಮಾರಾಟಗಾರರು ಕಮಿಷನ್ನಿನೊಂದಿಗೆ ರಾಜಿ ಮಾಡಿಕೊಂಡು, ಆಧಾರವಿಲ್ಲದೆ ಹಾಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡರು. ಅಲ್ಲಿನ ಪರಿಸರ ಇಲಾಖೆಯು ಪೆಟ್ರೋಲು ಉಳಿಸುತ್ತೇವೆಂದು ಹೇಳಿಕೊಂಡು ಬಂದ ನೂರಕ್ಕೂ ಹೆಚ್ಚು ಸಾಧನಗಳನ್ನೂ ಪದಾರ್ಥಗಳನ್ನೂ ಪರೀಕ್ಷೆಗೆ ಹಚ್ಚಿತು. ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ ಅಷ್ಟಿಷ್ಟು ಉಳಿಸಿದವು. ದೊಡ್ಡ ದೇಶದವರು ಮೋಸ ಹೋಗುವುದಿಲ್ಲ ಎಂದು ನಾವು ಭಾವಿಸಿದ್ದರೆ, ಅದೂ ಸುಳ್ಳು.

ಈಗ ನನ್ನದೇ ಕಥೆ ಹೇಳುತ್ತೇನೆ. ಇದನ್ನು ಕೇಳಿ ನಗಬೇಕೆನಿಸಿದರೆ ನಗಿರಿ, ನಾನು ಬೇಸರಪಡುವುದಿಲ್ಲ. 2012ರಲ್ಲಿ ನನ್ನ ಬಳಿ ಹಳೆಯ ಡೀಸೆಲ್ ಅಂಬಾಸಿಡರ್ ಕಾರೊಂದು ಇತ್ತು. ಹಿಂದಿನ ಯಜಮಾನರು ಆಯಿಲನ್ನು ಸುರಿಯುತ್ತಿದ್ದರೇ ಹೊರತು ಬದಲಾಯಿಸುತ್ತಿರಲಿಲ್ಲ. ಆಯಿಲು ಸುರಿಯುವ ಮುಚ್ಚಳ ತೆಗೆದರೆ ಒಳಗೆಲ್ಲ ಕಪ್ಪು ಕೆಸರು. ನಾನು ಮೆಕ್ಯಾನಿಕ್ಕು, ತಿಳಿದವನು. ಆದರೂ ಸಂಪು ಬಿಚ್ಚಿ ತೊಳೆಯುವ ಶ್ರಮ ಯಾರಿಗೆ ಬೇಕು ಎಂದು, ಎಂಜಿನ್ನು ತೊಳೆಯುವ ಒಂದು ಸೀಸೆ ತಂದು ಹಳೆಯ ಆಯಿಲಿಗೆ ಸುರಿದೆ. ಹತ್ತು ನಿಮಿಷ ಓಡಿಸಿ ಎಲ್ಲ ಇಳಿಸಿದೆ. ಟಾರಿನಂತೆ ಕಪ್ಪಾದ ಆಯಿಲು ಬಂತು. ಹೊಸ ಆಯಿಲು, ಹೊಸ ಫಿಲ್ಟರು ಹಾಕಿ ಮೀಸೆ ತಿರುವಿದೆ.

ಮೂರನೆಯ ದಿನ ನಮ್ಮ ಅತ್ತೆಯವರ ಕಣ್ಣಿನ ಆಪರೇಷನ್ನು ಮುಗಿಸಿಕೊಂಡು ಬಳ್ಳಾರಿಯಿಂದ ಬರುತ್ತಿದ್ದೆವು. ರಾಂಪುರ ದಾಟಿತು, ಹಾನಗಲ್ ದಾಟಿತು. ತಳುಕಿನ ಹತ್ತಿರ ಬರುವಾಗ ಆಯಿಲಿನ ಕೆಂಪು ದೀಪ ಹತ್ತಿತು. ವಯರು ಸಡಿಲವಾಗಿರಬೇಕು, ಹೊಸ ಆಯಿಲು ಹಾಕಿ ಮೂರು ದಿನವಾಗಿಲ್ಲ ಎಂದುಕೊಂಡು ಮತ್ತೆ ನಾಲ್ಕು ಕಿಲೋಮೀಟರು ಓಡಿಸಿದೆ. ಆಮೇಲೆ ಕೆಳಗಿನಿಂದ ಸುತ್ತಿಗೆಯಿಂದ ಹೊಡೆದ ಹಾಗೆ ಶಬ್ದ, ಮತ್ತೆ ಮೌನ. ಎಂಜಿನ್ನು ಹಿಡಿದುಕೊಂಡಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಮುದುಕಿಯನ್ನು ಬಿಸಿಲಲ್ಲಿ ರಸ್ತೆಯ ಬದಿ ಕೂರಿಸಿ, ಬಸ್ಸಿಗೆ ಕೈಯೊಡ್ಡಿ ನಿಂತದ್ದನ್ನು ನಾನು ಮರೆತಿಲ್ಲ. ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಅದೇ ಹೆಚ್ಚು ನೋವು.

ಸಂಪು ಬಿಚ್ಚಿ ನೋಡಿದೆ. ಆಯಿಲನ್ನು ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಸೀಸೆಯ ಪದಾರ್ಥ ಕೆಸರನ್ನು ಪೂರ್ತಿ ಕರಗಿಸಿರಲಿಲ್ಲ, ಗೋಡೆಯಿಂದ ಸಡಿಲಿಸಿತ್ತು ಅಷ್ಟೆ. ಸಡಿಲವಾದ ಹಕ್ಕಳೆಗಳು ಹೊಸ ಆಯಿಲಿನಲ್ಲಿ ತೇಲಿ ಬಂದು ಆ ಜಾಲರಿಗೆ ಮೆತ್ತಿಕೊಂಡಿದ್ದವು. ಸಂಪಿನ ತುಂಬ ಆಯಿಲು, ಬೇರಿಂಗಿಗೆ ಮಾತ್ರ ಒಂದು ತೊಟ್ಟೂ ಇಲ್ಲ. ಕ್ರ್ಯಾಂಕು ಉಜ್ಜಿಸಿ, ಬೇರಿಂಗು ಹಾಕಿ, ಎಲ್ಲ ಸೇರಿ 38,000 ರೂಪಾಯಿ. ತಪ್ಪು ಅರ್ಧ ಸೀಸೆಯದು, ಅರ್ಧ ಕೆಂಪು ದೀಪವನ್ನು ನಂಬದ ನನ್ನದು. ಕೆಂಪು ದೀಪ ಹತ್ತಿದರೆ ನಿಂತ ಜಾಗದಲ್ಲೇ ಎಂಜಿನ್ನು ಆರಿಸಬೇಕು. ಬೇರೆಯವರಿಗೆ ನಾನು ಇದನ್ನೇ ಹೇಳುತ್ತಿದ್ದೆ.

ಕೆಸರು ತುಂಬಿದ ಹಳೆಯ ಎಂಜಿನ್ನಿಗೆ ನಾನು ಈಗ ಮಾಡುವುದು ಇಷ್ಟು. ಸಂಪು ಬಿಚ್ಚಿ ಜಾಲರಿಯನ್ನು ತೊಳೆಯುತ್ತೇನೆ. ಆಮೇಲೆ ಗಾಡಿಯ ಪುಸ್ತಕದ ಪ್ರಕಾರ ಆಯಿಲು ಹಾಕಿ, ಸಾವಿರ ಕಿಲೋಮೀಟರಿಗೇ ಇಳಿಸುತ್ತೇನೆ. ಮತ್ತೆ ಹೊಸದು, ಮತ್ತೆ ಎರಡು ಸಾವಿರಕ್ಕೆ ಇಳಿಸುವುದು. ಪ್ರತಿ ಸಲವೂ ಫಿಲ್ಟರು ಹೊಸದು. ಆಯಿಲಿನಲ್ಲೇ ಇರುವ ಕೊಳೆ ತೇಲಿಸುವ ಪದಾರ್ಥ ಮೆಲ್ಲನೆ ಕೆಲಸ ಮಾಡುತ್ತದೆ. ಮೆಲ್ಲನೆ ಎಂಬುದೇ ಇಲ್ಲಿ ಮುಖ್ಯ.

ಇನ್ನು ಪೆಟ್ರೋಲು, ಡೀಸೆಲ್ಲಿಗೆ ಬೆರೆಸುವ ಸೀಸೆಗಳ ವಿಷಯ. ಇಲ್ಲಿ ಸ್ವಲ್ಪ ಒಳ್ಳೆಯ ಮಾತು ಹೇಳಬಹುದು. ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ತೂತುಗಳು ಬಹಳ ಸಣ್ಣವು. ಅಲ್ಲಿ ಕಿಟ್ಟ ಕಟ್ಟಿದರೆ ಇಂಧನ ಮಂಜಿನ ಹಾಗೆ ಹರಡುವ ಬದಲು ಧಾರೆಯಾಗಿ ಬೀಳುತ್ತದೆ. ಸರಿಯಾಗಿ ಸುಡದು, ಎಳೆತ ಕಡಿಮೆಯಾಗುತ್ತದೆ. ಪೆಟ್ರೋಲಿನ ಇಂಜೆಕ್ಟರಿಗೆ ಕಿಟ್ಟ ಕರಗಿಸುವ ಒಳ್ಳೆಯ ಪದಾರ್ಥಗಳಿವೆ, ಪಾಲಿಈಥರ್ ಅಮೀನ್ ಎಂಬುದು ಹೆಸರಾದದ್ದು. ಕಿಟ್ಟ ಕಟ್ಟಿದ್ದರೆ ಒಂದೆರಡು ಟ್ಯಾಂಕಿನಲ್ಲಿ ಗುಣ ಕಾಣಬಹುದು. ಕಿಟ್ಟವೇ ಇಲ್ಲದಿದ್ದರೆ ಏನೂ ಕಾಣದು. ಮೊದಲಿನ ಮಾರುತಿ 800ರಂತೆ ಕಾರ್ಬುರೇಟರು ಇರುವ ಗಾಡಿಗೆ ಸೀಸೆ ಬೇಕಿಲ್ಲ, ಬಿಚ್ಚಿ ತೊಳೆದು ಊದಿದರೆ ಮುಗಿಯಿತು. ಡೀಸೆಲ್ ಟ್ರಾಕ್ಟರಿನ ನಾಜಲ್ಲುಗಳನ್ನು ಪಂಪು-ನಾಜಲ್ ಕೆಲಸದವರ ಬಳಿ ಮೆಷಿನ್ನಿಗೆ ಹಾಕಿಸಿದರೆ ಹೇಗೆ ಚಿಮ್ಮುತ್ತದೆಂದು ಕಣ್ಣಾರೆ ಕಾಣಬಹುದು. ಅದಕ್ಕೆ ಆಗುವ ಖರ್ಚು ವ್ಯರ್ಥವಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಇಂಧನವೇ ಶುದ್ಧವಾಗಿದೆಯೇ ನೋಡಬೇಕು. ಕಲಬೆರಕೆ ಎಂಬುದು ಸಣ್ಣ ವಿಷಯವಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಎಂಬ ಯುವಕ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದರು. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ನಿಮಗೆ ಶುದ್ಧ ಪೆಟ್ರೋಲು ಸಿಗಲೆಂದು ನಮ್ಮ ನಾಡಿನ ಹುಡುಗನೊಬ್ಬ ಪ್ರಾಣ ಕೊಟ್ಟಿರುವಾಗ, ಬಂಕಿನಲ್ಲಿ ಒಂದು ಮಾತು ಕೇಳಲು ನಾವು ಸಂಕೋಚಪಡಬೇಕೇ? ಪೆಟ್ರೋಲಿನ ಪರೀಕ್ಷೆಗೆ ಫಿಲ್ಟರ್ ಕಾಗದ ಕೇಳಿದರೆ ಅವರು ಕೊಡಬೇಕು. ನಳಿಕೆಯ ಬಾಯಿ ಒರೆಸಿ, ಒಂದು ಹನಿ ಬಿಡಿ. ಆರಿದ ಮೇಲೆ ಕಲೆ ಉಳಿದರೆ ಅನುಮಾನ. ಸಾಂದ್ರತೆಯ ಲೆಕ್ಕ ತೋರಿಸಿ ಎನ್ನಬಹುದು, 5 ಲೀಟರಿನ ಸರ್ಕಾರಿ ಅಳತೆಯ ಪಾತ್ರೆಯಲ್ಲಿ ಹಿಡಿದು ತೋರಿಸಿ ಎನ್ನಬಹುದು. ಮನೆಯಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಡುವವರು ಅದರ ಬಾಯಿಗೆ ಮಳೆ ನೀರು, ಧೂಳು ಹೋಗದಂತೆ ಮುಚ್ಚಬೇಕು. ಟ್ರಾಕ್ಟರಿನ ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಬೆಳಿಗ್ಗೆ ತಳದ ನೀರನ್ನು ಇಳಿಸಬೇಕು. ನೀರು ಹೀರುವ ಸೀಸೆಗಿಂತ ಅದು ಮೇಲು, ದುಡ್ಡೂ ಬೇಡ.

ಈಚೆಗೆ ಪೆಟ್ರೋಲ್ ಕಾರು, ಮೋಟಾರು ಸೈಕಲ್ಲಿನವರು ಇನ್ನೊಂದು ಹೇಳುತ್ತಿದ್ದಾರೆ. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಅದು ತಯಾರಾಗುತ್ತದೆ, ರೈತನಿಗೂ ಅದರಲ್ಲಿ ಪಾಲಿದೆ. ಆದರೆ ಹಳೆಯ ಗಾಡಿಗಳನ್ನು ಅದಕ್ಕೆಂದು ಕಟ್ಟಿದ್ದಲ್ಲ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. 2021ರ ನೀತಿ ಆಯೋಗದ ವರದಿಯೇ ಹಳೆಯ ಬಗೆಯ ಕಾರುಗಳಲ್ಲಿ ಮೈಲೇಜು ನೂರಕ್ಕೆ 6–7ರಷ್ಟು ತಗ್ಗಬಹುದೆಂದು ಹೇಳಿತ್ತು. ಈಗ ಅದಕ್ಕೂ ಸೀಸೆಗಳು ಬಂದಿವೆ. ಕಡಿಮೆಯಾದ ಶಕ್ತಿಯನ್ನು ಒಂದು ಅಂಗೈ ಅಳತೆಯ ಸೀಸೆ ತುಂಬಿ ಕೊಡುವುದು ಹೇಗೆ? ನೀವೇ ಯೋಚಿಸಿ. ಹಳೆಯ ರಬ್ಬರು ಕೊಳವೆ, ವಾಷರು ಉಬ್ಬಿದ್ದರೆ, ಬಿರಿದಿದ್ದರೆ ಎಥನಾಲ್ ತಡೆಯುವಂಥದ್ದನ್ನು ಹಾಕಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಬಿಡಬೇಡಿ, ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ.

ನಮ್ಮದು ಎಣ್ಣೆ ಗಿರಣಿಗಳ ಸೀಮೆಯಾದ್ದರಿಂದ ಒಂದು ಪಕ್ಕದ ಮಾತು. ಡೀಸೆಲ್ ಎಂಜಿನ್ನಿಗೆ ಶೇಂಗಾ ಎಣ್ಣೆಯನ್ನೇ ಹಾಕಬಹುದಲ್ಲ ಎಂದು ಚಳ್ಳಕೆರೆಯ ಕಡೆಯ ಕೆಲವರು ಕೇಳುವುದುಂಟು. ಇದು ಹುಚ್ಚು ಮಾತಲ್ಲ. 1900ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿದ್ದರು, ಎಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲರೇ ಅದನ್ನು ಹೇಳಿದ್ದಾರೆ. ಎಂಜಿನ್ನು ಓಡಿತೆಂಬುದು ನಿಜ. ಆದರೆ ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ದಪ್ಪ. ಇಂದಿನ ನಾಜಲ್ಲಿನಲ್ಲಿ ಅದು ಚೆನ್ನಾಗಿ ಹರಡದು. ದಿನಗಳೆದಂತೆ ನಾಜಲ್ಲಿನ ತುದಿಯಲ್ಲಿ, ರಿಂಗಿನ ಸಂದಿನಲ್ಲಿ ಅಂಟು ಕಟ್ಟುತ್ತದೆ, ಬಾಣಲೆಯ ಅಂಚಿನಲ್ಲಿ ಕಟ್ಟುವ ಹಾಗೆ. ಸಂಸ್ಕರಿಸಿ ಮಾಡಿದ ಜೈವಿಕ ಡೀಸೆಲ್ಲು ಬೇರೆ, ಡಬ್ಬಿಯ ಎಣ್ಣೆ ಬೇರೆ. ಮೇಲಾಗಿ ಎಣ್ಣೆಯ ಬೆಲೆ ಡೀಸೆಲ್ಲಿಗಿಂತ ಹೆಚ್ಚು. ಒಗ್ಗರಣೆಗೆ ಇಟ್ಟುಕೊಳ್ಳಿ.

ಸವೆತವೋ ಕೊಳೆಯೋ ಎಂದೆನಲ್ಲ, ಅದನ್ನು ಮನೆಯಲ್ಲೇ ಬಹುಮಟ್ಟಿಗೆ ತಿಳಿಯಬಹುದು. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಮಗನನ್ನೋ ತಮ್ಮನನ್ನೋ ಸ್ಟಾರ್ಟ್ ಮಾಡಲು ಕೂರಿಸಿ, ನೀವು ಸೈಲೆನ್ಸರಿನ ಕಡೆ ನಿಲ್ಲಿ. ಸ್ಟಾರ್ಟ್ ಆದೊಡನೆ ಒಂದು ಬುಗ್ಗೆ ನೀಲಿ ಹೊಗೆ ಬಂದು ಆಮೇಲೆ ನಿಂತುಹೋದರೆ ವಾಲ್ವಿನ ರಬ್ಬರು ಸೀಲು ಗಟ್ಟಿಯಾಗಿದೆ ಎಂದು ಊಹಿಸಬಹುದು. ಇಂಥಲ್ಲಿ ಸೀಲನ್ನು ಮೆತ್ತಗೆ ಮಾಡುವ ಸೀಸೆಯಿಂದ ಸ್ವಲ್ಪ ಕಾಲ ಉಪಯೋಗವಾಗಬಹುದು, ಸೀಲು ಹರಿದಿದ್ದರೆ ಇಲ್ಲ. ಲೋಡು ಎಳೆಯುವಾಗಲೆಲ್ಲ ನೀಲಿ ಹೊಗೆ ಬಿಡುತ್ತಿದ್ದರೆ, ಆಯಿಲಿನ ಮುಚ್ಚಳ ಸಡಿಲಿಸಿದಾಗ ಒಳಗಿಂದ ಬುಸುಬುಸು ಎಂದು ಗಾಳಿ ನೂಕುತ್ತಿದ್ದರೆ, ಅದು ರಿಂಗು, ಲೈನರಿನ ಸವೆತ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು, ಇಲ್ಲವೆ ಇಂಧನ ಹೆಚ್ಚು, ಏರ್ ಫಿಲ್ಟರನ್ನೂ ನಾಜಲ್ಲನ್ನೂ ನೋಡಿ. ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಅಥವಾ ಕಡ್ಡಿಗೆ ಹತ್ತಿದ ಆಯಿಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಎಂಜಿನ್ನಿನೊಳಗೆ ನೀರು ನುಗ್ಗಿದೆ. ಅಂಥ ಗಾಡಿಯನ್ನು ಆ ದಿನದಿಂದಲೇ ಓಡಿಸಬಾರದು, ಸೋರಿಕೆ ಮುಚ್ಚುವ ಸೀಸೆಯ ಗೋಜಿಗೂ ಹೋಗಬಾರದು, ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಟ್ಟೀತು.

ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೂ ಖಚಿತವಾಗಿ ತಿಳಿಯಲು ಕಂಪ್ರೆಷನ್ ಗೇಜು ಇದೆ. ಪ್ಲಗ್ಗಿನ ಜಾಗದಲ್ಲಿ ಅದನ್ನು ಕೂರಿಸಿ ಎಂಜಿನ್ನು ತಿರುಗಿಸಿದರೆ ಒತ್ತಡ ಎಷ್ಟೆಂದು ಮುಳ್ಳು ತೋರಿಸುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ನೋಡಬೇಕು. ಮುಳ್ಳು ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಇದನ್ನು ಮೇಸ್ತ್ರಿಯ ಕೈಯಲ್ಲಿ ಮಾಡಿಸಿ. ಡೀಸೆಲ್ಲಿಗೆ ಬೇರೆ ಗೇಜು ಬೇಕು, ಅದರ ಒತ್ತಡ ಬಹಳ ಹೆಚ್ಚು.

ಸವೆತ ಎಂದು ಗೊತ್ತಾದ ಮೇಲೆ ಎಂಜಿನ್ನು ಇಳಿಸಲೇಬೇಕೇ? ಅದೂ ಇಲ್ಲ. ಲೆಕ್ಕ ಹಾಕಿ. ನಿಮ್ಮ ಕಾರು 500 ಕಿಲೋಮೀಟರಿಗೆ ಒಂದು ಲೀಟರು ಆಯಿಲು ಕುಡಿಯುತ್ತದೆ, ವರ್ಷಕ್ಕೆ 10,000 ಕಿಲೋಮೀಟರು ಓಡುತ್ತದೆ ಎನ್ನೋಣ. ವರ್ಷಕ್ಕೆ 20 ಲೀಟರು. ಲೀಟರಿಗೆ 350 ರೂಪಾಯಿ ಹಿಡಿದರೆ 7,000. ಇದು ದೊಡ್ಡ ಖರ್ಚು, ರಿಂಗು ಹಾಕಿಸುವ ಯೋಚನೆ ಮಾಡಬೇಕು. ಅದೇ ಕಾರು ವಾರಕ್ಕೊಮ್ಮೆ ಚಳ್ಳಕೆರೆಗೆ ಹೋಗಿಬರುವುದಷ್ಟೇ ಆದರೆ, ವರ್ಷಕ್ಕೆ ಮೂರು ನಾಲ್ಕು ಲೀಟರು ಆಯಿಲು ಸುರಿದುಕೊಂಡು ಹೋದರಾಯಿತು. ಕಡ್ಡಿ ನೋಡುವುದನ್ನು ಮಾತ್ರ ಮರೆಯಬಾರದು. ಗಾಡಿಯ ಪುಸ್ತಕದಲ್ಲಿ ಒಪ್ಪಿಗೆ ಇದ್ದರೆ ಒಂದು ದರ್ಜೆ ದಪ್ಪದ ಆಯಿಲನ್ನು ಹಾಕಬಹುದು. ಸೀಸೆ ಮಾಡುವ ಕೆಲಸವನ್ನೇ ಅದು ಅಳತೆಯಾಗಿ, ಕಡಿಮೆ ದುಡ್ಡಿನಲ್ಲಿ ಮಾಡುತ್ತದೆ. ಬಾಡಿಗೆಗೆ ದುಡಿಯುವ ಟ್ರಾಕ್ಟರಿನ ಮಾತು ಬೇರೆ. ಅದರ ಎಂಜಿನ್ನು ಸೋತಿದ್ದರೆ ಮುಂಗಾರಿಗೆ ಮೊದಲೇ, ಕೆಲಸ ಇಲ್ಲದ ತಿಂಗಳಲ್ಲಿ ಇಳಿಸಿಬಿಡಿ. ಹದ ಬಂದ ದಿನ ಟ್ರಾಕ್ಟರು ನಿಂತರೆ ಆಗುವ ನಷ್ಟವನ್ನು ಯಾವ ಮೇಸ್ತ್ರಿಯೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ನಮ್ಮ ಕಡೆ ಎಂಜಿನ್ನು ಬೇಗ ಸವೆಯುವುದೇಕೆ ಎಂದು ಕೇಳಿದ್ದೀರಾ? ಧೂಳು, ಸ್ವಾಮಿ, ಧೂಳು. ಎರಡೂವರೆ ಲೀಟರಿನ ಟ್ರಾಕ್ಟರು ಎಂಜಿನ್ನು ನಿಮಿಷಕ್ಕೆ 2,000 ಸುತ್ತಿನಲ್ಲಿ ಒಂದು ಗಂಟೆ ದುಡಿದರೆ ಒಂದು ಲಕ್ಷ ಲೀಟರಿಗೂ ಮೇಲ್ಪಟ್ಟು ಗಾಳಿಯನ್ನು ಉಸಿರಾಡುತ್ತದೆ. ಒಣ ಕೆಂಪು ಹೊಲದಲ್ಲಿ ರೋಟವೇಟರು ಹೊಡೆಯುವಾಗ ಆ ಗಾಳಿಯಲ್ಲಿ ಏನಿರುತ್ತದೆಂದು ನಿಮ್ಮ ತಲೆಯ ಟವೆಲ್ಲನ್ನು ಕೊಡವಿದರೆ ಗೊತ್ತಾಗುತ್ತದೆ. ಆ ಮರಳು ಫಿಲ್ಟರು ದಾಟಿ ಒಳಗೆ ಹೋದರೆ ಲೈನರಿಗೆ ಅರ ಹಾಕಿದ ಹಾಗೆ. ಆಯಿಲಿನ ಬಟ್ಟಲಿರುವ ಏರ್ ಕ್ಲೀನರನ್ನು ಉಳುಮೆಯ ದಿನಗಳಲ್ಲಿ ದಿನವೂ ನೋಡಿ, ತಳದಲ್ಲಿ ಕೆಸರು ಕಟ್ಟಿದ್ದರೆ ತೊಳೆದು ಗೆರೆಯವರೆಗೆ ಮಾತ್ರ ಆಯಿಲು ಹಾಕಿ. ಕಾಗದದ ಫಿಲ್ಟರನ್ನು ಮಡ್‌ಗಾರ್ಡಿಗೆ ಬಡಿಯಬೇಡಿ, ಮಡಿಕೆ ಹರಿದು ತೂತು ಬೀಳುತ್ತದೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯ ಕ್ಲಿಪ್ಪು ಸಡಿಲವಾಗಿದ್ದರಂತೂ ಫಿಲ್ಟರೇ ಇಲ್ಲದಂತೆ. ಹತ್ತಾರು ಟ್ರಾಕ್ಟರುಗಳ ಎಂಜಿನ್ನು ನನ್ನ ಕೈಯಲ್ಲಿ ಬಿಚ್ಚಿದ್ದೇನೆ. ಮೂವತ್ತು ರೂಪಾಯಿನ ಕ್ಲಿಪ್ಪು ಬಿಗಿಯದ್ದರಿಂದ ಹಾಳಾದವು ಅವುಗಳಲ್ಲಿ ಒಂದೆರಡಲ್ಲ.

ಇಷ್ಟು ಹೇಳಿದ ಮೇಲೂ, “ನನ್ನ ಭಾವಮೈದುನ ಸೀಸೆ ಹಾಕಿದ, ಮೈಲೇಜು ಏರಿತು” ಎಂದು ಒಬ್ಬರಾದರೂ ಹೇಳುತ್ತೀರಿ. ಇರಬಹುದು. ಆದರೆ ಸೀಸೆ ಹಾಕಿದ ದಿನವೇ ಆತ ಆಯಿಲು ಬದಲಾಯಿಸಿದ, ಫಿಲ್ಟರು ಕೊಡವಿದ, ಚಕ್ರಕ್ಕೆ ಗಾಳಿ ತುಂಬಿಸಿದ, ದುಡ್ಡು ಕೊಟ್ಟಿದ್ದೇನೆಂದು ಮೆತ್ತಗೆ ಓಡಿಸಿದ. ಗುಣ ಯಾವುದರಿಂದ ಬಂತು? ಶೇಂಗಾಕ್ಕೆ ಜಿಪ್ಸಂ ಹಾಕುವಾಗ ಒಂದು ಪಟ್ಟಿಗೆ ಹಾಕದೆ ಬಿಟ್ಟು ಹೋಲಿಸಿ ನೋಡಿರೆಂದು ಕೃಷಿ ಇಲಾಖೆಯವರು ಹೇಳುವುದಿಲ್ಲವೇ? ಇಲ್ಲಿಯೂ ಹಾಗೆಯೇ ಮಾಡಿ. ಮಕ್ಕಳ ಹಳೆಯ ನೋಟುಬುಕ್ಕು ಒಂದನ್ನು ಗಾಡಿಯಲ್ಲಿಡಿ. ಟ್ಯಾಂಕು ಬಾಯಿಮಟ್ಟ ತುಂಬಿಸಿ, ಕಿಲೋಮೀಟರು ಬರೆದುಕೊಳ್ಳಿ, ಮತ್ತೆ ತುಂಬಿಸುವಾಗ ಎಷ್ಟು ಲೀಟರು ಹಿಡಿಯಿತೆಂದು ಬರೆಯಿರಿ. ಸೀಸೆ ಇಲ್ಲದೆ ಮೂರು ಟ್ಯಾಂಕು, ಹಾಕಿ ಮೂರು ಟ್ಯಾಂಕು, ಬಿಟ್ಟು ಮತ್ತೆ ಮೂರು. ಅದೇ ರಸ್ತೆ, ಅದೇ ಲೋಡು. ಟ್ರಾಕ್ಟರಿಗಾದರೆ ಗಂಟೆಯ ಮೀಟರು ನೋಡಿ. ಲೆಕ್ಕದಲ್ಲಿ ಗುಣ ಕಂಡರೆ ನನ್ನ ಮಾತು ಬಿಟ್ಟು ಸೀಸೆಯನ್ನೇ ಕೊಳ್ಳಿ, ನನಗೇನೂ ಬೇಸರವಿಲ್ಲ.

ಮಾತು ಮುಗಿದ ಮೇಲೆ ಯಾರದಾದರೂ ಗಾಡಿ ನೋಡಬೇಕಾದರೆ ಹೇಳಿ. ಕಂಪ್ರೆಷನ್ ಗೇಜು ತಂದಿದ್ದೇನೆ, ರಾತ್ರಿ ಇಲ್ಲೇ ಉಳಿಯುತ್ತೇನೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಬಯಲಿಗೆ ತನ್ನಿ. ಹತ್ತಿರದವರು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಬರಬೇಕು, ನನಗೆ ತಣ್ಣಗಿನ ಎಂಜಿನ್ನೇ ಬೇಕು. ಹಟ್ಟಿಗಳು ದೂರವಿರುವವರು ಈಗಲೇ ತಂದು ಇಲ್ಲಿ ನಿಲ್ಲಿಸಿ ಹೋಗಿ.